ಎರಡು ಸೂಜಿಗಳ ಮೇಲೆ ಜಯಸಿಂಹರ ಉಪನ್ಯಾಸ

ಚೆಂಬೂರಿನ ಜಯಸಿಂಹರು ಮದುವೆಮನೆಯ ಪಂಕ್ತಿಯಲ್ಲಿ ಸಾರು ಬಡಿಸುವವನ ಕೈ ತಡೆದು, "ತಳದಿಂದ ಒಂದ್ಸಲ ಕಲಕಿ ಹಾಕಪ್ಪ, ಬರೀ ಮೇಲಿನ ತಿಳಿ ಸ್ಯಾಂಪಲ್ ಅಲ್ಲ" ಎಂದು ಹೇಳುವ ಮನುಷ್ಯ. ಹೇಳುವಾಗ ಮುಖದಲ್ಲಿ ನಗೆಯಿರುವುದಿಲ್ಲ. ಸಾರಿನವನು ಪೆಚ್ಚಾಗಿ ಕಲಕುತ್ತಾನೆ, ಪಕ್ಕದ ಎಲೆಯವರು ತಮಗೂ ಕಲಕಿಯೇ ಹಾಕು ಎನ್ನುತ್ತಾರೆ, ಜಯಸಿಂಹರು ಲೋಕಕ್ಕೆ ಇನ್ನೊಂದು ಉಪಕಾರ ಮಾಡಿದ ತೃಪ್ತಿಯಲ್ಲಿ ಅನ್ನಕ್ಕೆ ಗುಳಿ ತೋಡುತ್ತಾರೆ.

ಇದರಲ್ಲಿ ಅವರ ತಪ್ಪೇನೂ ಇಲ್ಲ. ನಂಜನಗೂಡಿನ ಕಡೆಯಿಂದ ಬಂದು, ಮೀಸೆ ಚಿಗುರುವ ವಯಸ್ಸಿನಲ್ಲೇ ಒಂದು ತೈಲ ಶುದ್ಧೀಕರಣ ಕಾರ್ಖಾನೆಯ ಲ್ಯಾಬಿಗೆ ಸೇರಿದವರು. ನಿವೃತ್ತಿಯವರೆಗೂ ಮಾಡಿದ್ದು ಒಂದೇ ಕೆಲಸ: ಆಕಾಶ ಮುಟ್ಟುವ ಟ್ಯಾಂಕಿನ ಮೇಲೆ ಹತ್ತುವುದು, ಹಗ್ಗಕ್ಕೆ ಕಟ್ಟಿದ ಬಾಟಲಿಯನ್ನು ಒಳಗೆ ಇಳಿಬಿಡುವುದು, ಮೇಲಿನಿಂದಷ್ಟು, ನಡುವಿನಿಂದಷ್ಟು, ತಳದಿಂದಷ್ಟು ಎಣ್ಣೆ ಎತ್ತಿ ತರುವುದು. "ಸ್ಯಾಂಪಲ್ ಸರಿಯಿಲ್ಲ ಅಂದ್ರೆ ರಿಪೋರ್ಟು ಬರೀ ಕಾಗದ ಕಣ್ರೀ" ಎಂಬುದು ಅವರ ಬದುಕಿನ ಸಾರ. ನಿವೃತ್ತಿಯಾದ ದಿನ ಹಾರ ಹಾಕಿ, ಗೋಡೆ ಗಡಿಯಾರ ಕೊಟ್ಟು ಕಳಿಸಿದರು. ಟ್ಯಾಂಕನ್ನು ಮಾತ್ರ ಅಲ್ಲೇ ಇಟ್ಟುಕೊಂಡರು. ಅಲ್ಲಿಂದಾಚೆಗೆ ಜಯಸಿಂಹರ ವಿದ್ಯೆ, ಇಳಿಯಲು ಟ್ಯಾಂಕಿಲ್ಲದೆ ಮುಂಬಯಿಯ ತುಂಬ ಅಲೆಯತೊಡಗಿತು. ಕೊನೆಗೆ ಅದಕ್ಕೆ ಸಿಕ್ಕಿದ್ದು ಪರಿಚಯಸ್ಥರ ಕಾಯಿಲೆಗಳು.

ಬಿಲ್ಡಿಂಗಿನಲ್ಲಿ ಯಾರಿಗೆ ಸೋನೋಗ್ರಫಿ, ಯಾರಿಗೆ ರಕ್ತಪರೀಕ್ಷೆ, ಜಯಸಿಂಹರು ಜೊತೆಗೆ ಹೊರಟರು. ಫೋನಿನಲ್ಲಿ ವೈದ್ಯಕೀಯ ಲೇಖನಗಳನ್ನು ಓದಿ ಓದಿ, ಡಾಕ್ಟರ ಮುಂದೆ ಎಂಥ ಪ್ರಶ್ನೆ ಕೇಳುತ್ತಿದ್ದರೆಂದರೆ, ಇಬ್ಬರಲ್ಲಿ ರೋಗಿ ಯಾರೆಂದು ಡಾಕ್ಟರಿಗೇ ಗೊಂದಲವಾಗುತ್ತಿತ್ತು. ಹೆಂಡತಿ ಸುಬ್ಬಲಕ್ಷ್ಮಿ ಒಮ್ಮೆ ನೆರೆಯಾಕೆಗೆ ಹೇಳಿದ್ದರು: "ನಮ್ಮನೆಯೋರಿಗೆ ಇನ್ನೊಬ್ರ ಕಾಯಿಲೆ ಅಂದ್ರೆ ಪ್ರಮೋಷನ್ ಸಿಕ್ಕಿದ ಹಾಗೆ."

ಹೀಗಿರುವಾಗ ಕಾಶಪ್ಪನ ಹೊಟ್ಟೆಯಲ್ಲಿ ಗಂಟು ಕಾಣಿಸಿತು.

ಕಾಶಪ್ಪ ಬಿಜಾಪುರದ ಇಂಡಿ ತಾಲೂಕಿನ ಕಡೆಯವನು. ಜೋಗೇಶ್ವರಿಯ ಒಂದು ಗಾಳಾದಲ್ಲಿ, ಅಂದರೆ ಶೆಡ್ಡಿನಂಥ ಕೋಣೆಯಲ್ಲಿ, ಪ್ರೆಷರ್ ಕುಕ್ಕರಿನ ಹಿಡಿಕೆ ಮಾಡುವ ಸಣ್ಣ ಕಾರ್ಖಾನೆ ಅವನದು. ಸಾಂತಾಕ್ರೂಜಿನ ಕನ್ನಡ ಬಳಗದಲ್ಲಿ ಜಯಸಿಂಹರು ನಾಲ್ವರು ಗೌರವ ಉಪಾಧ್ಯಕ್ಷರಲ್ಲಿ ಒಬ್ಬರು, ಕಾಶಪ್ಪ ಒಬ್ಬನೇ ಒಬ್ಬ ಜೊತೆ ಕಾರ್ಯದರ್ಶಿ. ಅಂದರೆ ಉಪಾಧ್ಯಕ್ಷರು ವೇದಿಕೆಯ ಮೇಲೆ ಕೂರುತ್ತಿದ್ದರು, ಕಾಶಪ್ಪ ಕುರ್ಚಿ ಹಾಕಿಸಿ, ಮೈಕು ತರಿಸಿ, ಹಿಂದಿನ ವರಾಂಡದಲ್ಲಿ ಚಹಾ ಕಾಯಿಸಿ, ಕೊನೆಗೆ ಬಂದು ವಂದನಾರ್ಪಣೆ ಮಾಡಿ ಹೋಗುತ್ತಿದ್ದ. ಬಳಗದ 'ತಿಂಗಳ ಮಾತು' ಉಪನ್ಯಾಸಗಳಲ್ಲಿ ಒಂದನ್ನೂ ಅವನು ಕೂತು ಕೇಳಿದ್ದಿಲ್ಲ. ಭಾಷಣ ಮುಗಿದದ್ದು ಅವನಿಗೆ ಗೊತ್ತಾಗುತ್ತಿದ್ದದ್ದು ಚಪ್ಪಾಳೆಯಿಂದ.

ಅವನಿಗೆ ತಿಂಗಳುಗಟ್ಟಲೆ ಬೆನ್ನುನೋವು, ಊಟ ಬೇಡ, ಪ್ಯಾಂಟು ಸಡಿಲ. ಸ್ಕ್ಯಾನ್ ಮಾಡಿಸಿದಾಗ ಮೇದೋಜೀರಕ ಗ್ರಂಥಿಯ ತಲೆಭಾಗದಲ್ಲಿ ಗಂಟು. ಜಯಸಿಂಹರು ಯಾರೂ ಕರೆಯುವ ಮೊದಲೇ ಹೊರಟರು. ಇಲ್ಲಿ ಒಂದು ನ್ಯಾಯ ಹೇಳಬೇಕು: ಅವರು ಹೊರಟಿದ್ದು ಪ್ರೀತಿಯಿಂದಲೇ. ಪ್ರೀತಿಯ ಜೊತೆಗೆ ಕುತೂಹಲವೂ ಲೋಕಲ್ ರೈಲು ಹತ್ತಿತು, ಅಷ್ಟೆ.

ಆಸ್ಪತ್ರೆಯ ಲಿಫ್ಟಿನ ಬಳಿ ಕಾಶಪ್ಪನ ಮಗಳು ಸೌಮ್ಯಾ ಅವರನ್ನು ಪಕ್ಕಕ್ಕೆ ಕರೆದಳು. ಇಲ್ಲಿಯೇ ಹುಟ್ಟಿ ಬೆಳೆದ ಹುಡುಗಿ. ಕನ್ನಡ ಅರ್ಥವಾಗುತ್ತದೆ, ಆಡುವಾಗ ಎಡವುತ್ತದೆ.

"ಅಂಕಲ್, ಪಪ್ಪಾಗೆ ಅದು... ವೋ ವರ್ಡ್ ಮತ್ ಬೋಲ್ನಾ ಪ್ಲೀಸ್. ಕ್ಯಾನ್ಸರ್ ಡೌಟ್ ಇದೆ ಅಂತ ಹೇಳಬೇಡಿ. ಮಮ್ಮಿ ಬೋಲಿ, ಅವರು ಒಡೆದು ಹೋಗ್ತಾರೆ. ನಾವು ಹೇಳಿದ್ದೀವಿ, ಒಳಗೆ ಕೀವು ಇದೆ, ಡಾಕ್ಟರ್ ಸೂಜಿಯಿಂದ ತೆಗೀತಾರೆ. ಬಸ್."

"ನನ್ನ ಬಾಯಿಂದ ಬರಲ್ಲಮ್ಮ" ಎಂದರು ಜಯಸಿಂಹರು, ಎದೆಯ ಮೇಲೆ ಕೈಯಿಟ್ಟು. ಮನೆಯವರಲ್ಲದೆ ಹೊರಗಿನವರಲ್ಲಿ ತಮಗೊಬ್ಬರಿಗೇ ಇದು ಗೊತ್ತು ಎಂಬುದು ಅವರಿಗೆ ಆ ಕ್ಷಣದಲ್ಲಿ ಒಂದು ಪದಕದಂತೆ ಕಂಡಿತು.

ಡಾಕ್ಟರ್ ಸೋನಾಲಿ ಮಾತು ಕಡಿಮೆಯ ಹೆಂಗಸು. ಕಾಶಪ್ಪನನ್ನು ಹೊರಗೆ ಕೂರಿಸಿ ಮನೆಯವರು ಒಳಗೆ ಬಂದದ್ದು ಅವರಿಗೆ ಹಿಡಿಸಲಿಲ್ಲ. "ಅವರಾಗಿ ಕೇಳಿದರೆ ನಾನು ಸುಳ್ಳು ಹೇಳುವುದಿಲ್ಲ" ಎಂದು ಮೊದಲೇ ಹೇಳಿದರು. ಆಮೇಲೆ ವಿವರಿಸಿದರು. ಗಂಟು ಒಂದು ದೊಡ್ಡ ರಕ್ತನಾಳಕ್ಕೆ ತಗುಲಿಕೊಂಡಿದೆ. ಹಾಗಾಗಿ ನೇರ ಆಪರೇಷನ್ ಇಲ್ಲ, ಮೊದಲು ಔಷಧ ಕೊಟ್ಟು ಕುಗ್ಗಿಸಬೇಕು. ಔಷಧ ಕೊಡುವ ಮೊದಲು ಅದು ಏನೆಂದು ಖಾತ್ರಿಯಾಗಬೇಕು. ಬಾಯಿಯ ಮೂಲಕ ದುರ್ಬೀನಿನ ಕೊಳವೆ ಇಳಿಸಿ, ಅದರ ತುದಿಯ ಸೋನೋಗ್ರಫಿಯಲ್ಲಿ ಗಂಟನ್ನು ನೋಡಿಕೊಂಡು, ಕರುಳಿನ ಗೋಡೆಯಿಂದಾಚೆಗೆ ಸೂಜಿ ಚುಚ್ಚಿ ಸ್ವಲ್ಪ ತೆಗೆಯುವುದು.

"ಯಾವ ಸೂಜಿ, ಮೇಡಂ?" ಎಂದರು ಜಯಸಿಂಹರು.

ಸೋನಾಲಿ ತಲೆಯೆತ್ತಿ ನೋಡಿದರು.

"ತೆಳು ಸೂಜಿಯೋ, ತುಣುಕು ಕತ್ತರಿಸಿ ತರುತ್ತದಲ್ಲ, ಆ ಸೂಜಿಯೋ? ತೌಲನಿಕ ಅಧ್ಯಯನಗಳಲ್ಲಿ ಎರಡನೆಯದಕ್ಕೇ ಹೆಚ್ಚು ಅಂಕ ಇದೆ."

"ನೀವು ಡಾಕ್ಟರಾ?"

"ಅಲ್ಲ. ಆದರೆ ಸ್ಯಾಂಪ್ಲಿಂಗ್ ನನ್ನ ಕ್ಷೇತ್ರ."

ಸೋನಾಲಿ ನಗಲಿಲ್ಲ, ಸಿಟ್ಟೂ ಆಗಲಿಲ್ಲ. ಗಂಟು ಇರುವ ಜಾಗದಲ್ಲಿ ಕೊಳವೆ ಬಹಳ ಬಾಗಬೇಕು, ಅಂಥಲ್ಲಿ ತೆಳು ಸೂಜಿ ಸಲೀಸಾಗಿ ಹೋಗುತ್ತದೆ, ಮೊದಲು ಅದರಿಂದ ಪ್ರಯತ್ನಿಸುತ್ತೇನೆ, ಸಾಲದಿದ್ದರೆ ಇನ್ನೊಂದು, ಎಂದರು. ಜಯಸಿಂಹರು, ಮೇಲಧಿಕಾರಿ ಕಿರಿಯನ ವರದಿ ಒಪ್ಪುವಂತೆ, ತಲೆಯಾಡಿಸಿದರು.

ಒಳಗೆ ಕರೆದೊಯ್ಯುವ ಮೊದಲು ಕಾಶಪ್ಪ ಆಸ್ಪತ್ರೆಯ ನೀಲಿ ಅಂಗಿ ತೊಟ್ಟು ಗಾಡಿಯ ಮೇಲೆ ಮಲಗಿದ್ದ. ಗೋಡೆಗೆ ತೂಗುಹಾಕಿದ್ದ ಉದ್ದನೆಯ ಕಪ್ಪು ಕೊಳವೆಯನ್ನು ನೋಡಿ, ಪಕ್ಕದಲ್ಲಿದ್ದ ಜಯಸಿಂಹರ ಕೈ ಹಿಡಿದು ಹೇಳಿದ: "ಏನ್ರೀ ಸಾಹೇಬ್ರ, ನಮ್ಮ ಇಂಡಿಯೊಳಗ ಬೋರ್ ಹೊಡದ್ರೂ ಇಷ್ಟುದ್ದ ಪೈಪ್ ಇಳಸಂಗಿಲ್ಲ! ಒಂದ ಚಮಚ ಕೀವು ತಗ್ಯಾಕ ಇದೇನ ಇಷ್ಟ ದೊಡ್ಡ ಕೆಲಸ?" ಹೇಳಿ ನಕ್ಕ. ಹಿಡಿದ ಕೈಯನ್ನು ಮಾತ್ರ ಬಿಡಲಿಲ್ಲ. ಜಯಸಿಂಹರೂ ನಕ್ಕರು. ಆ ಹಿಡಿತವನ್ನು ಅವರು ಮರೆತರು. ಮಾತು ನೆನಪಿನಲ್ಲಿ ಉಳಿಯಿತು.

ವರದಿ ಬಂತು: ಸಿಕ್ಕಿದ್ದು ಹೆಚ್ಚಾಗಿ ರಕ್ತ, ಜೀವಕೋಶ ಅಲ್ಲೊಂದು ಇಲ್ಲೊಂದು, ತೀರ್ಮಾನಕ್ಕೆ ಸಾಲದು. ಮತ್ತೊಮ್ಮೆ, ಬೇರೆ ಸೂಜಿಯಿಂದ ಮಾಡಬೇಕು. ಫೋನಿನಲ್ಲಿ ಇದನ್ನು ಹೇಳಿದವಳು ಸೌಮ್ಯಾ. ಜಯಸಿಂಹರು "ಅಯ್ಯೋ ಪಾಪ" ಎಂದರು. ಫೋನಿಟ್ಟ ಮೇಲೆ ಅವರ ಒಳಗೆ, ಯಾರಿಗೂ ಕಾಣದ ಮೂಲೆಯಲ್ಲಿ, ಏನೋ ಒಂದು ಸಣ್ಣಗೆ ಕುಣಿಯಿತು. ನಾನು ಹೇಳಿರಲಿಲ್ಲವೆ, ಎಂದಿತು.

ಅದೇ ವಾರ ಬಳಗದ 'ತಿಂಗಳ ಮಾತು'ಗೆ ಒಪ್ಪಿಕೊಂಡಿದ್ದ ಪ್ರೊಫೆಸರೊಬ್ಬರು ಲೋಕಲ್ ಇಳಿಯುವಾಗ ಕಾಲು ಉಳುಕಿಸಿಕೊಂಡರು. ಕಾರ್ಯಕ್ರಮ ರದ್ದು ಮಾಡೋಣ ಎಂದರೆ ಜಯಸಿಂಹರು ಬಿಡಲಿಲ್ಲ. "ನಾನೇ ಮಾತಾಡ್ತೀನಿ. ಜನಕ್ಕೆ ಉಪಯೋಗ ಆಗೋ ವಿಷಯ ಇದೆ." ವಿಷಯ ಸಂಜೆಯೊಳಗೆ ವಾಟ್ಸಾಪ್ ಗುಂಪಿನಲ್ಲಿ ಬಂತು: 'ಮೇದೋಜೀರಕ ಗ್ರಂಥಿಯ ಗಂಟು ಮತ್ತು ಸೂಜಿ ಪರೀಕ್ಷೆಗಳು: ಒಂದು ತೌಲನಿಕ ನೋಟ. ಸ್ಲೈಡುಗಳೊಂದಿಗೆ.'

ಸುಬ್ಬಲಕ್ಷ್ಮಿ ಕೊತ್ತಂಬರಿ ಬಿಡಿಸುತ್ತ ಕೂತಿದ್ದವರು, "ಕಾಶಪ್ಪನೋರ ವಿಷಯ ಅಲ್ಲಿ ಎತ್ತಬೇಡಿ" ಎಂದರು.

"ಹೆಸರೆಲ್ಲಿ ಹೇಳ್ತೀನಿ? ಹೆಸರು ಹೇಳದೆ ಹೋದ್ರೆ ಅದು ವ್ಯಕ್ತಿ ಅಲ್ಲ ಕಣೇ, ಕೇಸು."

"ಅವರು ಅಲ್ಲೇ ಇರ್ತಾರಲ್ರೀ."

"ಅವರು ಯಾವತ್ತು ಒಳಗೆ ಕೂತಿದ್ದಾರೆ? ಚಹಾ ಹತ್ರ ಇರ್ತಾರೆ. ಅದೂ ಈ ಸಲ ಬರೋದೇ ಅನುಮಾನ."

ಭಾನುವಾರ ಸಂಜೆ ಬಳಗ ಸೇರುವ ಹೌಸಿಂಗ್ ಸೊಸೈಟಿಯ ಹಾಲ್‌ನಲ್ಲಿ ಎಂದಿಗಿಂತ ಹೆಚ್ಚು ಜನ. ಕಾಯಿಲೆಯ ವಿಷಯವೆಂದರೆ ಬರುತ್ತಾರೆ. ಸಾಹಿತ್ಯಕ್ಕೆ ಬರುವುದು ಸಾಹಿತಿಯ ಸಂಬಂಧಿಕರು. ಸಚಿನನೆಂಬ ಹುಡುಗ ಪ್ರೊಜೆಕ್ಟರ್ ಜೋಡಿಸಿದ. ದೀಪ ಆರಿಸಿದರು. ಜಯಸಿಂಹರ ಕೈಗೆ ಗುಂಡಿ ಒತ್ತುವ ರಿಮೋಟು ಬಂತು.

ಭಾಷಣ ಚೆನ್ನಾಗಿತ್ತು. ಇದನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. ಹೊಟ್ಟೆಯ ಮೇಲಿನಿಂದ ಉದ್ದ ಸೂಜಿ ಚುಚ್ಚುವ ಹಳೆಯ ಪದ್ಧತಿ, ಬಾಯಿಯ ಕೊಳವೆಯಿಂದ ಒಳಗೇ ಹೋಗಿ ಚುಚ್ಚುವ ಈಗಿನ ಪದ್ಧತಿ. ಒಂದು ಸೂಜಿ ಬಿಡಿ ಜೀವಕೋಶಗಳನ್ನು ಹೀರಿ ತರುತ್ತದೆ, ಇನ್ನೊಂದು ಮಾಂಸದ ಪುಟ್ಟ ತುಣುಕನ್ನೇ ಕತ್ತರಿಸಿ ತರುತ್ತದೆ. "ಮೊದಲನೇದು ಅಕ್ಕಿ ಮೂಟೆಗೆ ಕೊಳವೆ ಚುಚ್ಚಿ ನಾಲ್ಕು ಕಾಳು ನೋಡಿದ ಹಾಗೆ. ಎರಡನೇದು ಕಲ್ಲಂಗಡಿಗೆ ತ್ರಿಕೋನ ಕೊಯ್ದು ತೆಗೆದು ತೋರಿಸಿದ ಹಾಗೆ." ಜನ ತಲೆದೂಗಿದರು. ಸೂಜಿ ಚುಚ್ಚಿದರೆ ರೋಗ ಹರಡುತ್ತದೆ ಎಂಬ ಭಯವನ್ನೂ ಎತ್ತಿಕೊಂಡು, ಅದು ತೀರಾ ಅಪರೂಪ, ಪರೀಕ್ಷೆ ತಪ್ಪಿಸಿಕೊಳ್ಳುವುದೇ ಹೆಚ್ಚು ಅಪಾಯ ಎಂದು ಸಮಾಧಾನ ಹೇಳಿದರು. ಅಲ್ಲಿಗೇ ನಿಲ್ಲಿಸಿದ್ದರೆ ಇವತ್ತಿಗೂ ಆ ಭಾಷಣವನ್ನು ಜನ ಹೊಗಳುತ್ತಿದ್ದರು.

"ಈಗ ಒಂದು ಜೀವಂತ ಉದಾಹರಣೆ" ಎಂದು ಅವರು ಗುಂಡಿ ಒತ್ತಿದರು. "ನಮ್ಮ ಉಪನಗರದ ಒಬ್ಬ ಸಣ್ಣ ಉದ್ಯಮಿ. ಹೆಸರು ಬೇಡ. ಬೆನ್ನುನೋವು, ತೂಕ ಇಳಿದಿದೆ. ಮೊದಲ ಸಲ ತೆಳು ಸೂಜಿ. ಫಲಿತಾಂಶ? ಶೂನ್ಯ! ಯಾಕೆ? ಸ್ಯಾಂಪಲ್ ಸಾಲದು. ಇನ್ನು ತಮಾಷೆ ಕೇಳಿ. ಇದು ಕ್ಯಾನ್ಸರ್ ಇರಬಹುದು ಅಂತ ಮನೇಲಿ ಎಲ್ಲರಿಗೂ ಗೊತ್ತು, ಆ ಮನುಷ್ಯನೊಬ್ಬನಿಗೆ ಗೊತ್ತಿಲ್ಲ! ಅವನಿಗೆ ಹೇಳಿರೋದು, ಕೀವು ತೆಗೀತಾರೆ ಅಂತ. ಇಪ್ಪತ್ತೊಂದನೇ ಶತಮಾನದ ಮುಂಬಯಿ ಸ್ವಾಮಿ ಇದು! ರೋಗಿಗೆ ತನ್ನ ರೋಗ ತಿಳಿಯೋ ಹಕ್ಕಿಲ್ಲವೆ?"

ಚಪ್ಪಾಳೆ ಬಿತ್ತು. ಹಕ್ಕು ಎಂಬ ಶಬ್ದಕ್ಕೆ ಅದು ಬೀಳಲೇಬೇಕು. ಚಪ್ಪಾಳೆ ಬಿದ್ದ ಮೇಲೆ ಜಯಸಿಂಹರು ನಿಲ್ಲುವ ಜಾತಿಯಲ್ಲ.

"ಆ ಪುಣ್ಯಾತ್ಮ ಏನಂದ ಗೊತ್ತೆ?" ಎಂದು, ಕೊರಳು ದಪ್ಪ ಮಾಡಿ, ಹೊಟ್ಟೆ ಮುಂದೆ ಚಾಚಿ, ಬಿಜಾಪುರದ ಮಾತು ಆಡಿ ತೋರಿಸಿದರು: "'ಏನ್ರೀ ಸಾಹೇಬ್ರ, ನಮ್ಮೂರಾಗ ಬೋರ್ ಹೊಡದ್ರೂ ಇಷ್ಟುದ್ದ ಪೈಪ್ ಇಳಸಂಗಿಲ್ಲ!'"

ಇಡೀ ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ನಗುವಿನ ನಡುವೆ ಯಾರೋ ದೀಪ ಹಾಕಿದರು. ಜಯಸಿಂಹರು ಮುಂದಿನ ಸಾಲನ್ನು ನೋಡಿದರು. ಅಲ್ಲಿ, ಗೋಡೆ ಪಕ್ಕದ ಕುರ್ಚಿಯಲ್ಲಿ, ಕಾಶಪ್ಪ ಕೂತಿದ್ದ.

ಅವನು ವಂದನಾರ್ಪಣೆ ತಪ್ಪಿಸಬಾರದೆಂದು ಬಂದಿದ್ದ. ಯಾವತ್ತಿನಂತೆ ವರಾಂಡಕ್ಕೆ ಹೋಗಿ ಚಹಾದ ಪಾತ್ರೆ ಎತ್ತಲು ಬಗ್ಗಿದಾಗ, ಅವನ ಮುಖ ನೋಡಿ ಬಂಡೆಪ್ಪನೆಂಬ ಗೆಳೆಯ, "ನೀವ್ ಒಳಗ ಹೋಗಿ ಕೂಡ್ರಿ, ಚಹಾ ನಾ ನೋಡ್ತೀನಿ" ಎಂದು, ದೀಪ ಆರಿದ ಮೇಲೆ, ಬಲವಂತವಾಗಿ ಕರೆತಂದು ಕೂರಿಸಿದ್ದ. ಜೀವನದಲ್ಲಿ ಮೊದಲ ಸಲ ಕಾಶಪ್ಪ ಒಂದು ಭಾಷಣವನ್ನು ಮೊದಲಿನಿಂದ ಕೇಳಿದ್ದ. ಅವನ ಮುಖದ ಮೇಲೂ ನಗೆಯ ಗುರುತಿತ್ತು. ಆಸ್ಪತ್ರೆಯಲ್ಲಿ ತಾನಾಡಿದ ಮಾತು ಬೇರೆಯವರ ಬಾಯಲ್ಲಿ ಶುರುವಾದಾಗ ಯಾರಿಗಾದರೂ ಬರುವ ನಗೆ ಅದು. ಅದು ಇಳಿಯಲು ಸಮಯ ಸಿಕ್ಕಿರಲಿಲ್ಲ.

ಜಯಸಿಂಹರ ಕೈಯಲ್ಲಿ ರಿಮೋಟಿತ್ತು. ಇನ್ನೂ ಸ್ಲೈಡುಗಳಿದ್ದವು. ಗುಂಡಿ ಒತ್ತುತ್ತ ಹೋದರು. ಬಣ್ಣಬಣ್ಣದ ಸೂಜಿಗಳು ಪರದೆಯ ಮೇಲೆ ಒಂದರ ಹಿಂದೊಂದು ಸುಮ್ಮನೆ ಸರಿದು ಹೋದವು. "ಇಷ್ಟು ಸಾಕು" ಎಂದರು ಕೊನೆಗೆ. ಸಮಯಪಾಲನೆಗಾಗಿ ಅದಕ್ಕೂ ಚಪ್ಪಾಳೆ ಬಿತ್ತು.

"ಈಗ ವಂದನಾರ್ಪಣೆ, ಶ್ರೀ ಕಾಶಪ್ಪನವರಿಂದ" ಎಂದಿತು ಮೈಕು.

ಕಾಶಪ್ಪ ಎದ್ದು, ಕುರ್ಚಿಗಳ ಬೆನ್ನು ಹಿಡಿದುಕೊಳ್ಳುತ್ತ ಬಂದ. "ಎಲ್ಲಾರಿಗೂ ನಮಸ್ಕಾರ್ರಿ. ಹಾಲ್ ಕೊಟ್ಟ ಸೊಸೈಟಿಯವರಿಗೆ ಧನ್ಯವಾದ. ಸಚಿನಗ, ಚಹಾ ನೋಡಿಕೊಂಡ ಬಂಡೆಪ್ಪಗ ಧನ್ಯವಾದ. ಭಾಷಣ ಮಾಡಿದ ಜಯಸಿಂಹ ಸಾಹೇಬ್ರಿಗೆ..." ಮೈಕು ಸರಿಮಾಡಿಕೊಂಡ. "ಭಾಳ ಮಂದಿ ಇಲ್ಲಿ ಭಾಷಣ ಮಾಡ್ಯಾರ, ನಾ ಒಂದೂ ಕೇಳಿದಾಂವ ಅಲ್ಲ. ಇವತ್ತ ಕುಂತು ಕೇಳಿದೆ. ತಿಳೀತು. ಚಹಾ ಐತಿ, ಕುಡದು ಹೋಗ್ರಿ."

ಮೂಲೆಯಲ್ಲಿ ನಿಂತು ಪ್ರೊಜೆಕ್ಟರಿನ ವೈರು ಸುತ್ತುತ್ತಿದ್ದರು ಜಯಸಿಂಹರು. ಅದು ಸಚಿನನ ಕೆಲಸ. ಅವನ ಕೈಯಿಂದ ಕಿತ್ತುಕೊಂಡು ಸುತ್ತುತ್ತಿದ್ದರು. ಕಾಶಪ್ಪ ಒಂದು ಕಪ್ ಚಹಾ ತಂದು ಅವರ ಪಕ್ಕದ ಮೇಜಿನ ಮೇಲಿಟ್ಟ.

"ಕಾಶಪ್ಪನೋರೇ, ನಾನು..."

"ಯಾವ ಸೂಜಿ ಛಲೋ ಅಂದ್ರಿ ಕಡೀಕ? ತುಣುಕು ತರೂದು?"

"ಹೂಂ."

"ಆಗಲಿ" ಎಂದು ಕಾಶಪ್ಪ ಹೊರಟುಹೋದ. ಚಹಾದ ಮೇಲೆ ಕೆನೆ ಕಟ್ಟಿತು.

ಮರುದಿನ ಬೆಳಿಗ್ಗೆ ಸೌಮ್ಯಾಳ ಫೋನು. "ಅಂಕಲ್, ಆಪ್ನೆ ಪ್ರಾಮಿಸ್ ಕಿಯಾ ಥಾ." ಮಾತು ಕೊಟ್ಟಿದ್ದಿರಲ್ಲ ಎನ್ನುವಷ್ಟಕ್ಕೂ ಉಳಿಯದೆ, ಅವಳ ಕನ್ನಡ ಸಿಟ್ಟಿನಲ್ಲಿ ಪೂರ್ತಿ ಕಳಚಿಬಿದ್ದಿತ್ತು. ಆಮೇಲೆ ಬಿಕ್ಕುತ್ತ ಹೇಳಿದಳು. ಪಪ್ಪಾ ಮನೆಗೆ ಬಂದವರೇ ಮಮ್ಮಿಗೆ, "ನನಗ ಗೊತ್ತಾತು. ಇನ್ನ ಅಡಗಿಮನ್ಯಾಗ ಹೋಗಿ ಅಳಬ್ಯಾಡ, ಇಲ್ಲೇ ಕುಂತು ಅಳು" ಎಂದರಂತೆ. ಜಯಸಿಂಹರು ಈ ಮಾತನ್ನು, ಮುಳುಗುವವನು ಹಲಗೆ ಹಿಡಿದಂತೆ, ಹಿಡಿದುಕೊಂಡರು.

"ನೋಡಿದ್ಯಾ" ಎಂದರು ಹೆಂಡತಿಗೆ. "ಒಂದು ಲೆಕ್ಕದಲ್ಲಿ ಗೊತ್ತಾಗಿದ್ದು ಒಳ್ಳೇದೇ ಆಯ್ತು. ಈಗ ಗಂಡ ಹೆಂಡ್ತಿ ಬಾಯ್ಬಿಟ್ಟು ಮಾತಾಡ್ಕೊಂಡಿದ್ದಾರೆ."

ಸುಬ್ಬಲಕ್ಷ್ಮಿ ಫಿಲ್ಟರಿಗೆ ಪುಡಿ ಹಾಕುವುದನ್ನು ನಿಲ್ಲಿಸಿದರು. "ಅದು ಅವರ ದೊಡ್ಡತನ. ಅದನ್ನ ನಿಮ್ಮ ಖಾತೆಗೆ ಬರ್ಕೋಬೇಡಿ. ನಿಮ್ಮಿಂದ ಆಗಿದ್ದು ಒಂದೇ, ಅವರು ಭಯದಲ್ಲಿ ಆಡಿದ ಮಾತಿಗೆ ಅಷ್ಟು ಜನ ನಕ್ಕಿದ್ದು."

ಹಲಗೆ ಕೈಬಿಟ್ಟುಹೋಯಿತು. ಬಾಯಿ ತಪ್ಪಿ ಗುಟ್ಟು ಹೊರಬಿದ್ದದ್ದಕ್ಕೆ ಮನುಷ್ಯ ಕ್ಷಮೆ ಕೇಳಬಹುದು. ಕೊರಳು ದಪ್ಪ ಮಾಡಿದ್ದಕ್ಕೆ, ಹೊಟ್ಟೆ ಚಾಚಿದ್ದಕ್ಕೆ ಏನೆಂದು ಕೇಳುವುದು? ಅವರು ಚಾಚಿ ತೋರಿಸಿದ ಕಾಶಪ್ಪನ ಆ ಹೊಟ್ಟೆಯಲ್ಲೇ ಗಂಟು ಇತ್ತು.

ಆದರೂ ಜಯಸಿಂಹರು ಪ್ರಯತ್ನಿಸಿದರು. ಅವರ ಕ್ಷಮಾಪಣೆಗೂ ಪೀಠಿಕೆ, ವಿಷಯ, ಉಪಸಂಹಾರ ಇದ್ದವು. ಫೋನಿನಲ್ಲಿ ಬರೆದರು, ಅಳಿಸಿದರು. ಮತ್ತೆ ಬರೆದಾಗ 'ಸದುದ್ದೇಶ' ಎಂಬ ಶಬ್ದ ಎಲ್ಲಿಂದಲೋ ನುಸುಳಿ ಬರುತ್ತಿತ್ತು. ಅದನ್ನು ತೆಗೆದರೆ ಉಳಿದ ವಾಕ್ಯಗಳು ನಿಲ್ಲುತ್ತಿರಲಿಲ್ಲ. ಈ ನಡುವೆ ಬಳಗದ ಗುಂಪಿನಲ್ಲಿ ಅವರ ಭಾಷಣಕ್ಕೆ ಕೈಮುಗಿದ ಚಿತ್ರಗಳು, ಹೂಗುಚ್ಛಗಳು ಬರುತ್ತಲೇ ಇದ್ದವು. ಯಾರೋ ಆ ಬೋರ್‌ವೆಲ್ಲಿನ ತುಣುಕಿನ ವೀಡಿಯೋವನ್ನೇ ಹಾಕಿ 'ಸೂಪರ್ ಸರ್' ಎಂದು ಬರೆದರು. ಜಯಸಿಂಹರು ಅದನ್ನು ಒಂದೇ ಸಲ ನೋಡಿದರು. ಪರದೆಯ ಮೇಲೆ ಒಬ್ಬ ಮುದುಕ ಸಂತೋಷದಿಂದ ಅರಳಿ ನಿಂತಿದ್ದ.

ಎರಡನೆಯ ಸೂಜಿಯ ದಿನ ಅವರನ್ನು ಯಾರೂ ಕರೆಯಲಿಲ್ಲ. ಮನೆಯಲ್ಲಿ ಕೂರಲಾರದೆ ಸಾಂತಾಕ್ರೂಜಿಗೆ ಹೋಗಿ, ಆಸ್ಪತ್ರೆಯ ಎದುರಿನ ಹಣ್ಣಿನ ರಸದ ಅಂಗಡಿಯ ಬಳಿ ನಿಂತು, ಬೇಡದ ಮೋಸಂಬಿ ರಸವನ್ನು ಒಂದರ ಮೇಲೊಂದು ಕುಡಿದು, ಕಾಶಪ್ಪ ಮಗಳ ಹೆಗಲು ಹಿಡಿದು ಆಟೋ ಹತ್ತಿದ್ದನ್ನು ನೋಡಿ, ವಾಪಸು ಬಂದರು.

ಕೆಲವು ದಿನ ಕಳೆದು ಕಾಶಪ್ಪನೇ ಫೋನು ಮಾಡಿದ.

"ಸಾಹೇಬ್ರ, ರಿಪೋರ್ಟ್ ಬಂದೈತಂತ. ನಾಳೆ ಬರ್ರಿ."

"ನಾನು ಬರಬಹುದಾ ಕಾಶಪ್ಪನೋರೇ?"

"ಒಳಗ ಬ್ಯಾಡ. ನಾ ಹೋಗ್ತೀನಿ, ಸೌಮ್ಯಾ ಬರ್ತಾಳ. ನಮ್ಮಾಕಿ ಒಳಗ ಬರೂದಿಲ್ಲ ಅನ್ನಾಕ ಹತ್ಯಾಳ, ಅಂಜಿಕಿ. ಹೊರಗ ಒಬ್ಬಾಕಿನ ಕುಂದರತಾಳ. ಜೋಡಿ ಕೂಡ್ರಿ."

ಹೀಗೆ, ಪರಿಚಯಸ್ಥರ ಎಲ್ಲ ವರದಿಗಳಿಗೂ ಒಳಕೋಣೆಯ ಸಾಕ್ಷಿಯಾಗಿದ್ದ ಜಯಸಿಂಹರು, ಬಾಗಿಲಿನ ಹೊರಗಿನ ಬೆಂಚಿನಲ್ಲಿ ಕಾಶಪ್ಪನ ಹೆಂಡತಿ ಬಸಲಿಂಗವ್ವನ ಪಕ್ಕ ಕೂತರು. ಬಸಲಿಂಗವ್ವ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಮುಚ್ಚಿದ ಬಾಗಿಲನ್ನೇ ನೋಡುತ್ತಿದ್ದಳು. ಇಬ್ಬರ ನಡುವೆ ಅವಳ ಕೈಚೀಲವಿತ್ತು. ಆ ಚೀಲ ಅಲ್ಲಿರುವುದಕ್ಕೆ ಜಯಸಿಂಹರು ಕೃತಜ್ಞರಾಗಿದ್ದರು.

"ನಿಮ್ಮ ಭಾಷಣ ಭಾಳ ಛಲೋ ಆತಂತ" ಎಂದಳು ಅವಳು, ಬಾಗಿಲಿನ ಕಡೆಯೇ ನೋಡುತ್ತ.

ಜಯಸಿಂಹರು ಬಗ್ಗಿ ಚಪ್ಪಲಿಯ ಪಟ್ಟಿ ಸರಿಮಾಡಿಕೊಂಡರು.

"ಮಂದಿ ಬಿದ್ದ ಬಿದ್ದ ನಕ್ರಂತ. ನಮ್ಮವರ ಮಾತು ನೀವು ಹಂಗ ಹುಬೇಹೂಬ ಆಡಿ ತೋರಿಸಿದ್ರಂತ."

"ತಾಯೀ, ದೊಡ್ಡ ತಪ್ಪಾಯ್ತು."

"ತಪ್ಪು ಒಪ್ಪು ನನಗ್ಯಾಕ ಹೇಳ್ತೀರಿ? ನಾ ನೋಡಿಲ್ಲಲ್ಲ, ಅದಕ್ಕ ಕೇಳ್ದೆ." ಈಗ ಅವಳು ಅವರ ಕಡೆ ತಿರುಗಿದಳು. ಕಣ್ಣಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಅವರಿಗೆ ಸುಲಭವಾಗುತ್ತಿತ್ತು. "ಹೆಂಗ ಆಡಿದ್ರಿ? ಒಂದ ಸಲ ಆಡಿ ತೋರಸ್ರಿ. ನನಗೂ ಈಟ ನಗು ಬರಲಿ. ಭಾಳ ದಿನ ಆತು ನಕ್ಕು."

ಜಯಸಿಂಹರು ಎರಡೂ ಕೈಗಳನ್ನು ಮೊಣಕಾಲುಗಳ ನಡುವೆ ಇಟ್ಟುಕೊಂಡರು. ಎದುರಿನ ಗೋಡೆಯ ಮೇಲೆ ಯಾರದೋ ನಗುಮುಖದ ಜಾಹೀರಾತು ಇತ್ತು, ಅದನ್ನೂ ನೋಡಲಾಗಲಿಲ್ಲ. ಬಸಲಿಂಗವ್ವ ಅವರ ಮುಖವನ್ನೇ ನೋಡುತ್ತ ಕಾದಳು. ನಿಜವಾಗಿಯೂ ಕಾದಳು. ಆಮೇಲೆ ಮತ್ತೆ ಬಾಗಿಲಿನ ಕಡೆ ತಿರುಗಿದಳು.

ಬಾಗಿಲು ತೆರೆಯಿತು. ಕಾಶಪ್ಪ ಬಂದ, ಹಿಂದೆ ಕಣ್ಣೊರೆಸಿಕೊಳ್ಳುತ್ತ ಸೌಮ್ಯಾ. ಜಯಸಿಂಹರು ದಡಬಡಿಸಿ ಎದ್ದರು. ತೆರವಾದ ಜಾಗದಲ್ಲಿ ಕಾಶಪ್ಪ ಕೂತು, ನಡುವಿನ ಚೀಲವನ್ನೆತ್ತಿ ತೊಡೆಯ ಮೇಲಿಟ್ಟುಕೊಂಡು, ಹೆಂಡತಿಗೆ ಹೇಳಿದ: "ಕ್ಯಾನ್ಸರ್ ಐತಂತ. ಕೇಳಿಲ್ಲಿ. ಪೂರಾ ಕೇಳು."

ಪೂರಾ ಕೇಳಲು ಜಯಸಿಂಹರು ಅಲ್ಲಿ ನಿಲ್ಲಲಿಲ್ಲ. ವರಾಂಡದ ತುದಿಯ ನೀರಿನ ಯಂತ್ರದವರೆಗೆ ನಡೆದು, ಲೋಟ ತುಂಬಿಸಿ, ಬೆನ್ನು ತಿರುಗಿಸಿ ನಿಂತರು. ಕಿವಿ ಹಿಂದಕ್ಕೆ ಎಳೆಯಿತು, ಹಳೆಯ ಅಭ್ಯಾಸ. ಗಂಟು ಎಷ್ಟು ದೊಡ್ಡದು, ರಕ್ತನಾಳ ಎಷ್ಟು ಸುತ್ತುವರಿದಿದೆ, ಯಾವ ಔಷಧ, ಎಷ್ಟು ಸುತ್ತು: ಪ್ರಶ್ನೆಗಳು ಒಳಗೆ ಸಾಲುಗಟ್ಟಿ ನಿಂತವು. ಜಯಸಿಂಹರು ನೀರು ಕುಡಿದರು. ಇನ್ನೊಂದು ಲೋಟ ಕುಡಿದರು.

"ಅಂಕಲ್, ಪಪ್ಪಾ ಕರೀತಿದ್ದಾರೆ" ಎಂದಳು ಸೌಮ್ಯಾ, ಅವರ ಅಂಗಿಯ ಗುಂಡಿ ನೋಡುತ್ತ.

ಬಸಲಿಂಗವ್ವ ಅತ್ತು ಮುಗಿಸಿದ್ದಳೋ, ಇನ್ನೂ ಶುರುಮಾಡಿರಲಿಲ್ಲವೋ ತಿಳಿಯುತ್ತಿರಲಿಲ್ಲ. ಕಾಶಪ್ಪ ಹೇಳಿದ: "ಮೊದ್ಲ ಔಷಧ, ಕುಗ್ಗಿದ್ರ ಆಪರೇಷನ್. ಈ ಸಲ ತುಣುಕು ಬರೋಬ್ಬರಿ ಸಿಕ್ಕಿತ್ತಂತ. ಒಂದ ಮಾತು ಸಾಹೇಬ್ರ. ಸಂಘದಾಗ, ನಮ್ಮ ಮಂದಿಗೆ, ಎಲ್ಲಾರಿಗೂ ನಾನ ಹೇಳ್ತೀನಿ. ನನ್ನ ಬಾಯಿಲೆ. ನೀವು ಯಾರಿಗೂ ಹೇಳಬ್ಯಾಡ್ರಿ."

"ಇಲ್ಲ."

"ಯಾರಿಗೂ ಅಂದ್ರ ಯಾರಿಗೂ."

"ಇಲ್ಲ ಕಾಶಪ್ಪನೋರೇ."

ಅಷ್ಟರಲ್ಲಿ ಜಯಸಿಂಹರ ಜೇಬಿನಲ್ಲಿ ಫೋನು ಬಡಿದುಕೊಂಡಿತು. ತೆಗೆದು ನೋಡಿದರೆ ಬಂಡೆಪ್ಪ. ಮೂವರೂ ಅವರನ್ನೇ ನೋಡುತ್ತಿದ್ದರು. ಎತ್ತದೆ ಬಿಟ್ಟರೆ, ಆಮೇಲೆ ಒಬ್ಬರೇ ಇದ್ದಾಗ ಮಾತಾಡಿ ಎಲ್ಲ ಹೇಳುತ್ತಾರೆ ಎಂದು ಇವರು ಅಂದುಕೊಂಡಾರು ಎನಿಸಿ, ಎತ್ತಿದರು. ಬಂಡೆ ಉರುಳಿದಂಥ ಅವನ ದನಿ ವರಾಂಡದುದ್ದಕ್ಕೂ ಕೇಳಿಸಿತು.

"ಸಾಹೇಬ್ರ! ಏನ ಬಂತರೀ ಕಾಶಪ್ಪಂದು ರಿಪೋರ್ಟು?"

"ನನಗೆ ಗೊತ್ತಿಲ್ಲ" ಎಂದರು ಜಯಸಿಂಹರು.

"ಅಯ್ಯ! ನಿಮಗ ಗೊತ್ತಿಲ್ಲಂದ್ರ ಇನ್ಯಾರಿಗ ಗೊತ್ತಿರತೈತ್ರಿ? ಚಾಷ್ಟಿ ಬಿಡ್ರಿ, ಹೇಳ್ರಿ."

"ಗೊತ್ತಿಲ್ಲ ಬಂಡೆಪ್ಪನೋರೇ. ಅವರನ್ನೇ ಕೇಳಿ" ಎಂದು ಫೋನಿಟ್ಟರು. ಕಿವಿ ಬಿಸಿಯಾಗಿತ್ತು. ತಲೆಯೆತ್ತುವ ಮೊದಲು, ಯಾರಾದರೂ ಏನಾದರೂ ಹೇಳಿಯಾರು ಎಂದು ಕಾದರು.

ಬಸಲಿಂಗವ್ವ ಎದ್ದು, ಗಂಡನ ತೊಡೆಯ ಮೇಲಿದ್ದ ಚೀಲವನ್ನು ತೆಗೆದುಕೊಂಡು, "ನಡೀರಿ" ಎಂದು ಲಿಫ್ಟಿನ ಕಡೆ ಹೊರಟಳು. ಕಾಶಪ್ಪ ಮಗಳ ಕೈಹಿಡಿದು ಹಿಂದೆ ಹೋದ. ಆ 'ನಡೀರಿ' ತಮಗೂ ಸೇರಿತ್ತೋ ಇಲ್ಲವೋ, ಜಯಸಿಂಹರಿಗೆ ತಿಳಿಯಲಿಲ್ಲ. ಲಿಫ್ಟಿನಲ್ಲಿ ಜಾಗವಿತ್ತು. ಕಾಶಪ್ಪ ಬಾಗಿಲಿಗೆ ಕೈ ಅಡ್ಡ ಹಿಡಿದಂತೆಯೂ ಕಂಡಿತು. ಅವರು ಮಾತ್ರ ತಲೆಬಾಗಿಸಿ, ಏನೋ ನೆನಪಾದವರ ಹಾಗೆ, ಮೆಟ್ಟಿಲಿನ ಕಡೆ ತಿರುಗಿದರು.